ಶಾವಂತ್ರೆವ್ವನ ಫೈಲು

ಇಳಕಲ್ಲಿನ ನೇಕಾರರ ಸೊಸೈಟಿ, ಮಹಡಿಯ ಮೇಲೆ
ಒಂದು ಫ್ಯಾನು, ಒಂದು ಕಂಪ್ಯೂಟರು, ನಾನು.
ಇಲಿ ಕಡಿದ ಖಾತೆ ಪುಸ್ತಕಗಳನ್ನೆಲ್ಲ
ಒಳಗೆ ಹಾಕುವುದು ನನ್ನ ಕೆಲಸ.

ಮೂರು ಕೋಷ್ಟಕ ಮಾಡಿದೆ: ನೇಕಾರರದೊಂದು,
ಮಗ್ಗಗಳದೊಂದು, ಸೀರೆಗಳದೊಂದು.
ಯಾರ ಹೆಸರನ್ನೂ ಎರಡು ಸಲ ಬರೆಯಲಿಲ್ಲ.
ಹೆಸರಿರಬೇಕಾದಲ್ಲಿ ನಂಬರು ಕೂತಿತು,
ನಂಬರು ಹಿಡಿದು ಹೋದರೆ ಮನೆ ಸಿಕ್ಕಿತು.
ಕಾಲಂ ಕಾಲಂ ಹಾಸು, ಸಾಲು ಸಾಲು ಹೊಕ್ಕು,
ಎರಡೂ ಕೂಡುವ ಚೌಕದಲ್ಲಿ
ಒಂದೇ ಒಂದು ಮಾತು.
ಇದೂ ನೇಯ್ಗೆಯೇ ಅಂದುಕೊಂಡೆ.
ಅಪ್ಪನಿಗೆ ಕುಣಿಮಗ್ಗ ಮೊಣಕಾಲು ನೋವು ಕೊಟ್ಟಿತು,
ನನಗೆ ಇದು ಕಣ್ಣುರಿ.

ಶಾವಂತ್ರೆವ್ವ ಬಂದದ್ದು ಒಂದು ಗುರುವಾರ,
ಮೆಟ್ಟಿಲು ಹತ್ತಿ, ಸುಧಾರಿಸಿಕೊಂಡು,
"ನನ್ನ ಸೀರಿ ಬರಕೋ" ಅಂದಳು.
ದಡಿ? "ಚಿಕ್ಕಿ ಪಾರಸ." ಬರೆದೆ.
ಉದ್ದ? "ಹದಿನೆಂಟು ಮೊಳ." ಬರೆದೆ.
ಮುಗೀತು ಅಂದೆ.
"ಎಲ್ಲಿ ಮುಗೀತವ್ವಾ,
ನೀ ಇನ್ನ ಸೀರಿ ಒಳಗ ಹೊಕ್ಕೇ ಇಲ್ಲ."

ಸೀರೆಯೊಳಗೆ ಸೆರಗು, ಸೆರಗಿನೊಳಗೆ ಕೆಂಪು,
ಕೆಂಪಿನೊಳಗೆ ಬಿಳಿಯ ತೆನೆ, ತೆನೆಯ ಪಕ್ಕ ಹಣಿಗೆ,
ಹಣಿಗೆಯ ಏಳನೆಯ ಹಲ್ಲು ಗಿಡ್ಡ.
ಅದು ಅವಳ ಅತ್ತೆ ತಪ್ಪಿ ನೆಯ್ದದ್ದು,
ಬೇನೆ ಎದ್ದು ಲಾಳಿ ಕೈಜಾರಿದ ದಿನ.
ಆಮೇಲೆ ತಪ್ಪನ್ನೇ ನಮೂನೆ ಮಾಡಿಕೊಂಡರು ಮನೆಯವರು,
ಇವಳೂ ಏಳನೆಯ ಹಲ್ಲಿಗೆ ಬಂದಾಗ
ಒಂದು ಎಳೆ ಬಿಡುತ್ತಾಳೆ, ಬೇಕಂತಲೇ.

ಇದಕ್ಕೆ ಯಾವ ಕಾಲಂ?
'ಗಿಡ್ಡ ಹಲ್ಲು' ಅಂತ ಒಂದು ತೆಗೆದರೆ
ಸಾವಿರದ ಇನ್ನೂರು ಸೀರೆಗಳ ಎದುರು
ಖಾಲಿ, ಖಾಲಿ, ಖಾಲಿ.

ಬೇರೆ ಥರ ಬರೆದು ನೋಡಿದೆ.
ಎರಡು ಮೊನೆಗಳ ನಡುವೆ ಒಂದು ಹೆಸರು,
ಅದು ಬಾಗಿಲ ಹಾಗೆ ತೆರೆಯುತ್ತದೆ. ಒಳಗೆ ಇನ್ನೊಂದು.
ಒಳಗಿನದನ್ನು ಮುಚ್ಚದೆ
ಹೊರಗಿನದನ್ನು ಮುಚ್ಚುವ ಹಾಗಿಲ್ಲ.

ಸೀರೆ
    ಸೆರಗು
        ಹಣಿಗೆ
            ಹಲ್ಲು
                ಅತ್ತೆ

ಅವಳು ಪರದೆಯ ಹತ್ತಿರ ಬಂದು
ಆ ಇಳಿಜಾರನ್ನು ಬೆರಳಿಟ್ಟು ಇಳಿದಳು.
ಅತ್ತೆಯ ಹತ್ತಿರ ಬೆರಳು ಸ್ವಲ್ಪ ನಿಂತಿತು.

ಅಷ್ಟರಲ್ಲಿ ಫೋನು, ಬಾಗಲಕೋಟೆಯಿಂದ, ಸಾಹೇಬರದು:
ಈ ವರ್ಷ ಚಿಕ್ಕಿ ಪಾರಸ ಎಷ್ಟು? ಈಗಲೇ ಬೇಕು.
ಎಲ್ಲ ಸೀರೆಯನ್ನೂ ಹೀಗೇ ಬರೆದಿದ್ದರೆ
ಒಂದೊಂದರ ಮಡಿಕೆ ಬಿಚ್ಚಿ, ಒಳಗಿಳಿದು,
ದಡಿ ಹುಡುಕಿ, ಹತ್ತಿ ಬಂದು, ಮತ್ತೆ ಮಡಿಸಿ...
ಸಂಜೆಯಾಗುತ್ತಿತ್ತು.
ಕೋಷ್ಟಕವನ್ನು ಕೇಳಿದೆ.
ಮುನ್ನೂರ ಎಂಟು, ಅಂದಿತು, ರೆಪ್ಪೆ ಬಡಿಯುವುದರೊಳಗೆ.
ಅದಕ್ಕೆ ಯಾರ ಅತ್ತೆಯೂ ಗೊತ್ತಿಲ್ಲ.
ಗೊತ್ತಿಲ್ಲದ್ದಕ್ಕೇ ಅಷ್ಟು ಬೇಗ.

ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಅಂತ
ನನ್ನಷ್ಟಕ್ಕೆ ಅಂದದ್ದು ಅವಳಿಗೆ ಕೇಳಿಸಿತು.
"ಮೈಗೆ ಒಂದು ಹಾಸು, ಸೆರಗಿಗೇ ಒಂದು.
ಇದು ಹತ್ತಿ, ಅದು ರೇಷ್ಮಿ.
ಯಾವುದರ ಬಿಡ್ತೀವೇನು?
ಒಂದೊಂದ ಎಳಿಗೂ ಕೊಂಡಿ ಹಾಕ್ತೀವಿ.
ಗಂಟಲ್ಲ ಮತ್ತ. ಕೊಂಡಿ.
ಗಂಟು ಮೈಗೆ ಚುಚ್ಚತೈತಿ."

ಹಣಿಗೆ ತೋರಿಸಿದ ಬೆರಳನ್ನೇ ಕೊಕ್ಕೆ ಮಾಡಿ
ಇನ್ನೊಂದು ಕೈಯ ಬೆರಳಿಗೆ ಸಿಕ್ಕಿಸಿ
ಎಳೆದು ತೋರಿಸಿದಳು. ಬಿಡಲಿಲ್ಲ.

ಸೀರೆಗಳ ಕೋಷ್ಟಕದ ಕೊನೆಗೆ ಒಂದು ಕಾಲಂ ಕೂಡಿಸಿದೆ.
ನಾನೂರ ಹದಿನೇಳನೆಯ ಸಾಲಿನ ಚೌಕದೊಳಗೆ
ಇಡೀ ಇಳಿಜಾರನ್ನು ಹಾಗೇ ಇಟ್ಟೆ.
ಹೊರಗಿನಿಂದ ಎಣಿಸಬಹುದು,
ಬೇಕಾದವರು ಒಳಗಿಳಿಯಬಹುದು.
ಉಳಿದವರ ಚೌಕ ಸದ್ಯಕ್ಕೆ ಖಾಲಿ,
ಅವರೂ ಮೆಟ್ಟಿಲು ಹತ್ತಿ ಬರಲಿ.

ಯಂತ್ರ ಮಾತ್ರ ಕೆಂಪು ಗೆರೆ ಎಳೆದು ತಕರಾರು ತೆಗೆಯಿತು:
'ಸೀರೆ' ತೆರೆದಿದೆ, ಮುಚ್ಚಿಲ್ಲ.
ಓದಿ ಹೇಳಿದೆ.
ಶಾವಂತ್ರೆವ್ವ ಚಪ್ಪಲಿ ಹುಡುಕುತ್ತಿದ್ದಳು.
"ಖರೇನ ಹೇಳತೈತಲ್ಲ ಅದು.
ಸೀರಿ ಇನ್ನೂ ಮಗ್ಗದ ಮ್ಯಾಲೈತಿ,
ಮೂರು ಮೊಳ ಉಳದೈತಿ."

ಸಂಜೆ ಆಫ್ ಮಾಡುವಾಗ ಯಂತ್ರ ಕೇಳಿತು:
ಹೀಗೇ ಉಳಿಸಲೇ?
ಹೂಂ ಅಂದೆ.